ಮೇಣದ ಪಾಲು

ಲುಜೆಂಡಾ ಹೊಳೆಯ ದಂಡೆಯ ಆ ಊರಿನಲ್ಲಿ ಗಂಡಸರೆಲ್ಲ ಮನೆ ಅಳಿಯಂದಿರೇ. ಮನೆ ಹೆಂಡತಿಯದು, ಅಂಗಳ ಹೆಂಡತಿಯದು, ಮಾತು ಹೆಂಡತಿಯ ಅಣ್ಣನದು. ಬೇಡವಾದ ಅಳಿಯ ಬೆಳಗ್ಗೆ ಹೊಳೆಗೆ ಹೋದಾಗ ಅವನ ಚಾಪೆ, ಕೊಡಲಿ ಎರಡನ್ನೂ ಬಾಗಿಲ ಹೊರಗಿಟ್ಟರೆ ಮುಗಿಯಿತು. ಯಾರೂ ಬೈಯುವುದಿಲ್ಲ, ಅವನೂ ಏಕೆಂದು ಕೇಳುವುದಿಲ್ಲ, ಎತ್ತಿಕೊಂಡು ತಾಯಿಯ ಊರಿನ ದಾರಿ ಹಿಡಿಯುತ್ತಾನೆ. ಕಲಂಜೆ ಇಪ್ಪತ್ತೆರಡು ವರ್ಷ ಸೈನಾಬುವಿನ ಮನೆಯಲ್ಲಿ ಬಾಳಿದ್ದ, ಒಂದು ಬೆಳಗ್ಗೆಯೂ ಆ ಭಯವಿಲ್ಲದೆ.

ಅವನ ಕಸುಬು ಜೇನು ಕೀಳುವುದು. ಕಸುಬು ಎನ್ನುವುದೂ ದೊಡ್ಡ ಮಾತೇ. ಕಾಡಿನ ಅಂಚಿಗೆ ಹೋಗಿ, ಅಪ್ಪ ಕಲಿಸಿದಂತೆ ನಾಲಿಗೆ ಅದುರಿಸಿ "ಬ್ರ್ರ್ರ್... ಹ್ಮ್" ಎಂದು ಕರೆಯುತ್ತಿದ್ದ. ಸೇಗೊ ಎಂಬ ಬೂದು ಬಣ್ಣದ ಪುಟ್ಟ ಹಕ್ಕಿ ಎಲ್ಲಿಂದಲೋ ಬಂದು ಚಿಟಿಚಿಟಿ ಎನ್ನುತ್ತಿತ್ತು. ಮುಂದೆ ಹಕ್ಕಿ, ಹಿಂದೆ ಇವನು. ಅದು ಎಲ್ಲಿ ಸುಮ್ಮನಾಗುತ್ತದೋ ಅಲ್ಲಿನ ಮರದ ಪೊಟರೆಯಲ್ಲಿ ಜೇನು. ತುಪ್ಪ ಇವನಿಗೆ, ಮೇಣ ಹಕ್ಕಿಗೆ. ಅದಕ್ಕೆ ಪೊಟರೆ ಒಡೆಯಲು ಬಾರದು, ಇವನಿಗೆ ಹುಡುಕಲು ಬಾರದು, ಕುರುಡ ಕುಂಟರ ಸಂಸಾರ.

ಹೊಗೆ ಹಾಕಿ ಹುಟ್ಟು ಕಿತ್ತ ಮೇಲೆ, ಹಸಿರೆಲೆ ಹಾಸಿ ಅದರ ಮೇಲೆ ಮೇಣವಿಟ್ಟು, ತುಸು ದೂರದಲ್ಲಿ ಮರಕ್ಕೊರಗಿ ಕೂರುತ್ತಿದ್ದ. ಅವನ ಬದುಕಿನ ಸುಖವೆಲ್ಲ ಆ ಕೂರುವುದರಲ್ಲೇ ಇತ್ತು. ಹೊಗೆ ಎಳೆ ಎಳೆಯಾಗಿ ಬಿಸಿಲಿನೊಳಗೆ ಏರುತ್ತಿತ್ತು. ಬೆರಳಿಗಂಟಿದ ತುಪ್ಪ ನೆಕ್ಕುತ್ತ, ಹಕ್ಕಿ ಕುಕ್ಕುವ ಸದ್ದು ಕೇಳುತ್ತ, ತಾನು ಎಚ್ಚರವಿದ್ದೇನೋ ಕನಸು ಕಾಣುತ್ತಿದ್ದೇನೋ ಅವನಿಗೇ ತಿಳಿಯುತ್ತಿರಲಿಲ್ಲ. ಮಧ್ಯಾಹ್ನ ಮನೆಗೆ ಬಂದರೆ ಮೈಯೆಲ್ಲ ಹೊಗೆಯ ವಾಸನೆ, ಮುಖದಲ್ಲೊಂದು ಪೆದ್ದು ನಗೆ.

"ಇವತ್ತೂ ಕೂತ್ಕೊಂಡು ಬಂದ್ರಾ?" ಎಂದು ಸೈನಾಬು ಕೇಳುತ್ತಿದ್ದಳು. ಕೇಳಿ ತಾನೂ ನಗುತ್ತಿದ್ದಳು.

ಅವಳ ಅಣ್ಣ ಅಮಾದೆಗೆ ಆ ನಗೆ ಕಂಡರಾಗದು. ಸೈಕಲ್ಲಿನಲ್ಲಿ ಪೇಟೆಗೆ ತುಪ್ಪ ಸಾಗಿಸುವವನು ಅವನು. ಪಕ್ಕದೂರಿನವರು ದಿನಕ್ಕೆ ನಾಲ್ಕು ಮರದ ಜೇನು ಕೀಳುತ್ತಾರಂತೆ, ಮನೆಗೆ ತಗಡು ಹೊದಿಸಿದ್ದಾರಂತೆ, ತನ್ನ ತಂಗಿ ಮಾತ್ರ ಹುಲ್ಲಿನ ಕೆಳಗೇ ಮುದುಕಿಯಾಗಬೇಕೇನೋ ಎಂದು ನೆಂಟರೆದುರೇ ಚುಚ್ಚುತ್ತಿದ್ದ. ಕಡೆಗೆ ಉಪಾಯವನ್ನೂ ಅವನೇ ಹೇಳಿಕೊಟ್ಟ.

"ಹೊಟ್ಟೆ ತುಂಬಿದ ಹಕ್ಕಿ ನಿದ್ದೆ ಮಾಡತ್ತೆ ಕಣೋ. ಮೇಣ ಹೂತುಬಿಡು. ಹಸಿದಿದ್ರೆ ತಾನೇ ಇನ್ನೊಂದು ಮರ ತೋರ್ಸತ್ತೆ."

ಮಾತಿನ ಕೊನೆಗೆ ಚಾಪೆ, ಕೊಡಲಿಯ ಹೆಸರೂ ಸುಳಿಯಿತು. ಕಲಂಜೆ ಹೂತ.

ಮೋಸ ಮಾಡಿದವನನ್ನು ಸೇಗೊ ಹಾವಿನ ಹುತ್ತಕ್ಕೋ ಸಿಂಹದ ಪೊದೆಗೋ ಕರೆದೊಯ್ಯುತ್ತದೆ ಎಂದು ಹಿರಿಯರು ಹೇಳುತ್ತಿದ್ದರು. ಕಲಂಜೆ ಕೊಡಲಿ ಬಿಗಿಹಿಡಿದೇ ಹಿಂಬಾಲಿಸಿದ. ಹಾವೂ ಇಲ್ಲ, ಸಿಂಹವೂ ಇಲ್ಲ, ಜೇನೇ ಸಿಕ್ಕಿತು. ಎರಡು ಮರ, ನಾಲ್ಕು ಮರ, ಆಮೇಲಾಮೇಲೆ ದಿನಕ್ಕೆ ಐದು. ಕ್ಯಾನುಗಳು ತುಂಬಿದವು, ಅಮಾದೆ ಬೆನ್ನು ತಟ್ಟಿದ, ತಗಡು ಬರುತ್ತದೆಂಬ ಸುದ್ದಿ ಊರೆಲ್ಲ ಹಬ್ಬಿತು. ಕಲಂಜೆಗೆ ಮಾತ್ರ ಕೂರಲು ಹೊತ್ತಿಲ್ಲ. ಸಂಜೆ ಬಂದವನಿಗೆ ಮುದ್ದೆಯೂ ಸೇರದು, ಮೀನೂ ಸೇರದು. ಸೈನಾಬು "ಕೂತ್ಕೊಂಡು ಬಂದ್ರಾ?" ಎಂದು ಕೇಳುವುದನ್ನೇ ಬಿಟ್ಟಳು.

ಬೇಸಿಗೆ ಮುಗಿಯುತ್ತ ಬಂದ ಒಂದು ದಿನ, ಐದನೆಯ ಮರದ ಬುಡದಲ್ಲಿ ಅವನು ಮಂಡಿಯೂರಿ ಗುಂಡಿ ತೋಡುತ್ತಿದ್ದ. ಮೇಲಿನ ಕೊಂಬೆಯಲ್ಲಿ ಹಕ್ಕಿ ಕೂತಿತ್ತು. ಗದರಲಿಲ್ಲ, ಮುನಿಯಲಿಲ್ಲ. ಒಣಗಿದ ದನಿಯಲ್ಲಿ ಚಿಟಿಚಿಟಿ ಎಂದು ಮುಂದಿನ ಮರಕ್ಕೆ ಹಾರಿ, ಬಾ ಎನ್ನುವಂತೆ ತಿರುಗಿ ನೋಡಿತು. ಅಲ್ಲಾದರೂ ಕೊಟ್ಟಾನು ಎಂಬ ನಂಬಿಕೆ ಅದಕ್ಕೆ. ಕಲಂಜೆ ತೋಡುವುದು ನಿಲ್ಲಿಸಿದ. ಇದು ಹಾವನ್ನೇ ತೋರಿಸಿದ್ದರೂ ಚೆನ್ನಾಗಿತ್ತು ಅನ್ನಿಸಿತು. ಆಮೇಲೆ ಇನ್ನೊಂದು ಹೊಳೆಯಿತು. ನಾನೂ ಹೀಗೇ ತಾನೇ ಹಾರುತ್ತಿರುವುದು? ತಗಡಾದ ಮೇಲೆ ಇನ್ನೊಂದು, ಅದಾದ ಮೇಲೆ ಮತ್ತೊಂದು. ನನ್ನ ಪಾಲನ್ನು ಯಾವ ಮರದ ಬುಡದಲ್ಲಿ ಹೂಳುತ್ತಿದ್ದೇನೆ?

ಅವನು ಹಿಂದಿನ ನಾಲ್ಕೂ ಮರಗಳಿಗೆ ನಡೆದು, ಹೂತಿದ್ದ ಮೇಣವನ್ನೆಲ್ಲ ಕೈಯಿಂದಲೇ ಕೆದಕಿ ತಂದ. ಮಣ್ಣು ಊದಿ ಹಸಿರೆಲೆಯ ಮೇಲೆ ಇಟ್ಟ. ಹಕ್ಕಿ ಬಹಳ ಹೊತ್ತು ಇಳಿಯಲಿಲ್ಲ. ಇವನೂ ಏಳಲಿಲ್ಲ. ಬಿಸಿಲು ಮರದಿಂದ ಮರಕ್ಕೆ ಸರಿಯಿತು. ಕೊನೆಗೆ ರೆಕ್ಕೆಯ ಸದ್ದು, ಆಮೇಲೆ ಕುಕ್ಕುವ ಸದ್ದು. ಕಲಂಜೆ ಎಷ್ಟೋ ದಿನದ ಮೇಲೆ ಬೆರಳು ನೆಕ್ಕಿದ. ಸಿಹಿಯಾಗಿತ್ತು. ಅವನಿಗೆ ಅಳು ಬಂತು.

ಸಂಜೆ ಅಮಾದೆ ಕ್ಯಾನು ಒಯ್ಯಲು ಬಂದಾಗ ಹೇಳಿಯೇಬಿಟ್ಟ. "ಭಾವ, ಇನ್ಮೇಲೆ ದಿನಕ್ಕೊಂದೇ ಮರ. ಹಕ್ಕಿ ಪಾಲು ಹಕ್ಕಿಗೆ."

"ತಗಡು?"

"ಹುಲ್ಲು ಸೋರಿದ್ರೆ ನಾನೇ ಹೊದಿಸ್ತೀನಿ."

"ಹಕ್ಕಿಗೆ ಉಣ್ಣಿಸೋ ಅಳಿಯ ನಮಗ್ ಬೇಡಪ್ಪ," ಎಂದು ಅಮಾದೆ ತಂಗಿಯ ಕಡೆ ತಿರುಗಿದ. "ನಾಳೆ ಬೆಳಗ್ಗೆ ಏನ್ ಮಾಡ್ಬೇಕೋ ನಿಂಗೊತ್ತು." ಸೈನಾಬು ಮುದ್ದೆ ತಿರುವುತ್ತಿದ್ದಳು. ಒಲೆಯ ಸೌದೆ ಮುಂದಕ್ಕೆ ನೂಕಿದಳು. ಅವಳ ಮನೆ ಅದು.

ಬೆಳಗ್ಗೆ ಕಲಂಜೆ ಹೊಳೆಯಲ್ಲಿ ಮುಖ ತೊಳೆದು ಬಂದರೆ, ಕೊಡಲಿ ಬಾಗಿಲ ಹೊರಗಿತ್ತು.

ಅಂಗಳದಲ್ಲೇ ನಿಂತು ಚಾಪೆಗಾಗಿ ಕಣ್ಣಾಡಿಸಿದ. ಚಾಪೆ ಎಲ್ಲೂ ಕಾಣಲಿಲ್ಲ. ಅಮಾದೆಯ ಖಾಲಿ ಕ್ಯಾನುಗಳು ಮಾತ್ರ ತೊಳೆದು, ಬೋರಲು ಹಾಕಿ, ದಾರಿಯ ಅಂಚಿನಲ್ಲಿ ಸಾಲಾಗಿ ನಿಂತಿದ್ದವು.

ಸೈನಾಬು ಗುಡಿಸುತ್ತಿದ್ದವಳು ತಲೆಯೆತ್ತಲಿಲ್ಲ. "ಮೊಂಡಾಗಿತ್ತು, ಮಸೆದಿಟ್ಟಿದೀನಿ," ಎಂದಳು. "ಹೊತ್ತಾಯ್ತು, ಹೋಗಿ. ಅದು ಕಾಯ್ತಿರತ್ತೆ. ಕೂತ್ಕೊಂಡೇ ಬನ್ನಿ."