ಕೀಲಿ ಕಳೆದುಹೋದ ಆ್ಯಪ್

ಚಿಂತಾಮಣಿಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಲೇ ರೇಷ್ಮೆ ಸಾಕುವವರಿಗಾಗಿ ಒಂದು ಸಣ್ಣ ಆ್ಯಪ್ ಬರೆದಿದ್ದೆ. ಹುಳುಮನೆಯ ಬಿಸಿ, ತೇವ, ಸೊಪ್ಪು ಹಾಕಿದ ಹೊತ್ತು ಎಲ್ಲವನ್ನೂ ಅದರಲ್ಲಿ ದಾಖಲಿಸಬಹುದಿತ್ತು. ಸೊಪ್ಪಿನ ಹೊತ್ತಿಗೆ ಅಲಾರಂ ಬಡಿಯುತ್ತಿತ್ತು. ಸೋರ್ಸ್ ಕೋಡ್ ಮುಕ್ತ. ಯಾರು ಬೇಕಾದರೂ ನೋಡಬಹುದು, ತಿದ್ದಬಹುದು. ಫೋನಿಗೆ ಹಾಕಿಕೊಳ್ಳುವ ಸಿದ್ಧ ಫೈಲನ್ನು ಮಾತ್ರ ಯಾವುದೋ ಪುಕ್ಕಟೆ ಜಾಲತಾಣದಲ್ಲಿಟ್ಟು ಮರೆತಿದ್ದೆ.

ಒಂದು ಬೆಳಿಗ್ಗೆ, ಆ್ಯಪ್ ಬಳಸುವವರೆಲ್ಲ ಇದ್ದ ಜಂಗಮಕೋಟೆಯಿಂದ ಫೋನು. ಮೊದಲಿನಿಂದಲೂ ಆ್ಯಪ್ ಬಳಸುತ್ತಿದ್ದ ರೈತ ಮಹಿಳೆ.

"ಮೇಡಮ್ಮ, ನನ್ ತಂಗಿ ಫೋನ್‌ಗೆ ಹಾಕಣ ಅಂದ್ರೆ ಪುಟಾನೇ ಇಲ್ಲ ಅಂತೈತೆ."

ನೋಡಿದರೆ ಆ ಜಾಲತಾಣವೇ ಮುಚ್ಚಿಹೋಗಿತ್ತು. "ಕೋಡೆಲ್ಲಾ ಭದ್ರವಾಗಿದೆ ಕಣಮ್ಮ" ಎಂದೆ.

"ಸೊಪ್ಪು ತೋಟದಾಗಿದ್ರೆ ಹುಳ ತಿಂತದಾ? ಕೊಯ್ದು ತಂದು ಹಾಕ್ಬೇಕಲ್ವಾ?"

ನಾಚಿಕೆಯಾಯಿತು. ಅಂದೇ ಕೋಡಿನಿಂದ ಫೈಲನ್ನು ಮತ್ತೆ ಸಿದ್ಧಪಡಿಸಲು ಕೂತೆ. ಹೊಸ ಫೋನುಗಳಲ್ಲಿ ಅಲಾರಂ ಬಡಿಯುತ್ತಿಲ್ಲವೆಂಬ ದೂರೂ ಇತ್ತು, ಅದನ್ನೂ ತಿದ್ದಿದೆ. ಕೊನೆಗೆ, ಆ್ಯಪ್ ನನ್ನದೇ ಎಂದು ಫೋನಿಗೆ ಖಾತ್ರಿಪಡಿಸಲು ಫೈಲಿಗೆ ಸಹಿ ಹಾಕುವ ಡಿಜಿಟಲ್ ಕೀಲಿ ಹುಡುಕಿದರೆ, ಅದು ಇದ್ದದ್ದು ಕೆಟ್ಟು ಮೂಲೆಗೆ ಸೇರಿದ್ದ ಹಳೆಯ ಲ್ಯಾಪ್‌ಟಾಪಿನಲ್ಲಿ. ನಕಲು ಇಟ್ಟಿರಲಿಲ್ಲ. ಗೌರಿಬಿದನೂರಿನ ರಿಪೇರಿಯಾತ ಡಿಸ್ಕ್ ನೋಡಿ ಇನ್ನು ಆಗದೆಂದು ತಲೆಯಾಡಿಸಿಬಿಟ್ಟ.

ಹೊಸ ಕೀಲಿಯ ಸಹಿ ಇದ್ದರೆ ಹಳೆಯ ಆ್ಯಪಿನ ಮೇಲೆ ಹೊಸದು ಕೂರುವುದಿಲ್ಲ. ಹಳೆಯದನ್ನು ಅಳಿಸಲೇಬೇಕು, ಅಳಿಸಿದರೆ ವರ್ಷಗಳ ಬೆಳೆಯ ವಿವರವೂ ಹೋಗುತ್ತದೆ.

"ಹೊಸದಾಗಿ ಶುರು ಮಾಡ್ಕೊಳ್ಳಿ ಅಂತ ಮೆಸೇಜ್ ಹಾಕಿಬಿಡಿ" ಎಂದರು ಸಹೋದ್ಯೋಗಿಯೊಬ್ಬರು.

ಹಾಕಲಿಲ್ಲ. ತಪ್ಪು ನನ್ನದು. ಭಾನುವಾರ ಬಂತೆಂದರೆ ಜಂಗಮಕೋಟೆಯ ಬಸ್ಸು ಹತ್ತುತ್ತಿದ್ದೆ. ಮನೆಮನೆಯ ಜಗಲಿಯಲ್ಲಿ ಕೂತು, ಫೋನಿನಲ್ಲಿದ್ದುದನ್ನೆಲ್ಲ ನನ್ನ ಲ್ಯಾಪ್‌ಟಾಪಿಗೆ ಟೈಪ್ ಮಾಡಿಕೊಂಡು, ಹೊಸ ಆ್ಯಪ್ ಹಾಕಿ, ಅದಕ್ಕೆ ತುಂಬಿಸುತ್ತಿದ್ದೆ. ಒಬ್ಬ ಯಜಮಾನರು ಫೋನು ಕೊಡಲೇ ಇಲ್ಲ. "ನಾಕು ವರ್ಷದ ಬೆಳೆ ಐತಮ್ಮ ಇದ್ರಾಗೆ. ನಾನೇ ಓದ್ತೀನಿ, ನೀನು ಬರ್ಕೋ." ಮಧ್ಯಾಹ್ನವಿಡೀ ಓದಿದರು, ನಡುವೆ ಸೊಪ್ಪು ಹಾಕಲು ಎದ್ದಾಗ ಫೋನನ್ನು ಜೇಬಿಗಿಟ್ಟುಕೊಂಡೇ ಹೋದರು. ಇನ್ನೊಂದು ಮನೆಯಲ್ಲಿ ನಾನು ತಲುಪುವ ಮೊದಲೇ ಹಳೆಯದನ್ನು ಅಳಿಸಿಬಿಟ್ಟಿದ್ದರು. ಅವರೆದುರು ಕೈಮುಗಿದು ಕ್ಷಮೆ ಕೇಳಿದೆ. ಅವರು ಸೊಪ್ಪಿನ ಬುಟ್ಟಿ ಎತ್ತಿಕೊಂಡು ಹುಳುಮನೆಗೆ ಹೋದರು.

ಮಳೆಗಾಲ ಮುಗಿಯುವಷ್ಟರಲ್ಲಿ ಊರಿನ ಫೋನುಗಳ ಕೆಲಸವೆಲ್ಲ ಮುಗಿಯಿತು. ಈಗ ಪ್ರತಿ ಆವೃತ್ತಿಯ ಫೈಲೂ ಮೂರು ಬೇರೆ ಬೇರೆ ಕಡೆ ಇರುತ್ತದೆ. ಕೀಲಿಗೆ ಗುಪ್ತಪದ ಹಾಕಿ ಎರಡು ಪೆನ್‌ಡ್ರೈವಿನಲ್ಲಿ ಇಟ್ಟಿದ್ದೇನೆ: ಒಂದು ಕಾಲೇಜಿನ ಬೀರುವಿನಲ್ಲಿ, ಇನ್ನೊಂದು ಜಂಗಮಕೋಟೆಯ ಆ ಮಹಿಳೆಯ ಟ್ರಂಕಿನಲ್ಲಿ.

ಕಳೆದ ತಿಂಗಳು ಹೊಸ ಆವೃತ್ತಿ ಬಿಟ್ಟೆ. ಬೆಳಿಗ್ಗೆ ಎಂಟಕ್ಕೇ ಅದೇ ಮಹಿಳೆಯ ಫೋನು.

"ಮೂರು ಕಡೆಯಿಂದಾನೂ ಇಳಿಸಿ ನೋಡ್ದೆ. ಮೂರನೇದು ಅರ್ಧಕ್ಕೇ ನಿಂತೋಗ್ತಾ ಐತೆ. ನೋಡಮ್ಮ."

ಮೊದಲ ಪಿರಿಯಡ್ಡಿನ ಗಂಟೆ ಹೊಡೆಯುವ ಮುಂಚೆ ಅದನ್ನು ಸರಿಮಾಡಿದೆ.