ದಪ್ಪ ಗಾಳಿಯ ವಾದ

ಮೊನ್ನೆ ಅಜ್ಜಿ ಮೊಣಕಾಲಿಗೆ ಹಚ್ಚಲು ಹರಳೆಣ್ಣೆ ಕಾಯಲಿಟ್ಟು ಮರೆತಳು. ಹೊಗೆ ಮನೆಯೆಲ್ಲ ತುಂಬಿತು. ಎಲ್ಲರೂ ಮೂಗು ಮುಚ್ಚಿಕೊಂಡರು, ನಾನು ಮಾತ್ರ ಅಡುಗೆಮನೆಯ ಬಾಗಿಲಲ್ಲಿ ನಿಂತೇಬಿಟ್ಟೆ. ನಮ್ಮ ರೇಸ್ ತಂಡದ ಮಾಲಕರು ನೆನಪಾದರು...

ಹಳಿಯಾಳದಲ್ಲಿ ಅವರದು ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ. ಅದರ ಹಿಂದಿನ ತಗಡಿನ ಶೆಡ್ಡಿನಲ್ಲಿ ಡ್ರ್ಯಾಗ್ ರೇಸಿನ ಒಂದು ಹಳೆಯ ಬೈಕು. ನೇರ ದಾರಿಯಲ್ಲಿ ಕಾಲು ಮೈಲಿ, ಹದಿಮೂರು ಸೆಕೆಂಡು, ಅಷ್ಟೇ ಆಟ. ಇಂಜಿನ್ ಸವೆಯದಿರಲೆಂದು ಪೆಟ್ರೋಲಿಗೆ ಅವರು ಹರಳೆಣ್ಣೆ ಬೆರೆಸುತ್ತಿದ್ದರು, ಅದರ ಹೊಗೆಗೂ ಇದೇ ವಾಸನೆ. ಬೈಕು ಓಡಿ ಬಂದೊಡನೆ ಸ್ಪಾರ್ಕ್ ಪ್ಲಗ್ ಬಿಚ್ಚಿ ತುದಿ ನೋಡುವರು. "ಬೆಲ್ಲದ ಬಣ್ಣ ಇರಬೇಕು. ಸುಣ್ಣದಂಗ ಬೆಳ್ಳಗಾತಂದ್ರ ಇಂಜಿನ್ ಸುಡಾಕತ್ತೈತಿ ಅಂತ ತಿಳಕೋ."

ನಾನು ಆಗ ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗೆದ್ದು ಬೀಗುತ್ತಿದ್ದವನು. ತಂಡದಲ್ಲಿ ಸೆಕೆಂಡು ಅಳೆದು ಬರೆದಿಡುವುದು ನನ್ನ ಕೆಲಸ. ಬೆಲ್ಲ, ಸುಣ್ಣ ನನ್ನ ಪಾಲಿಗೆ ಪುರಾವೆಗಳೇ ಅಲ್ಲ.

ದಾಂಡೇಲಿಯ ರೇಸಿಗೆ ಎರಡು ದಿನವಿತ್ತು. ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಹಾಯುವ ಸಣ್ಣ ತೂತಿನ ಹಿತ್ತಾಳೆ ಮೊಳೆಗೆ ಜೆಟ್ ಎನ್ನುತ್ತಾರೆ. ತೂತು ಇನ್ನಷ್ಟು ಚಿಕ್ಕದಾದರೆ ಬೈಕು ಚುರುಕಾಗುತ್ತದೆ ಎಂದು ನಾನು. ಮಧ್ಯಾಹ್ನದ ಬಿಸಿಲಲ್ಲಿ ನಾನೇ ಆರು ಸಲ ಓಡಿಸಿ ಲೆಕ್ಕ ತೋರಿಸಿದೆ. ಮಾಲಕರು ತಲೆಯಾಡಿಸಿದರು.

"ಅಲ್ಲಿ ನಸುಕಿನ್ಯಾಗ ಓಡಸೂದೈತಿ. ಚಳ್ಯಾಗ ಗಾಳಿ ದಪ್ಪ ಇರ್ತೈತಿ, ಪೆಟ್ರೋಲ್ ಜಾಸ್ತಿ ಬೇಡ್ತೈತಿ. ದೊಡ್ಡ ಜೆಟ್ಟೇ ಇರಲಿ."

"ಎಷ್ಟು ದಪ್ಪ ಐತ್ರಿ ಮಾಲಕ್ರ? ತಕ್ಕಡ್ಯಾಗಿಟ್ಟು ತೂಗೂಣೇನು?"

ಚಹಾ ಕುಡಿಯುತ್ತಿದ್ದ ಗಿರಾಕಿಗಳೆಲ್ಲ ನಕ್ಕರು. ತಣ್ಣನೆಯ ಗಾಳಿ ಸಾಂದ್ರವಾಗಿರುತ್ತದೆ ಎಂಬುದು ನನಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಆದರೆ ಎದುರಾಳಿಯ ಮಾತು ಸರಿಯಿದ್ದಾಗ ಅವನ ಒಂದು ಪದ ಹಿಡಿದು ಸಭೆಯನ್ನು ನಗಿಸಬೇಕು, ವೇದಿಕೆ ನನಗೆ ಕಲಿಸಿದ್ದು ಅದನ್ನು. ಮಾಲಕರ ಕಿವಿ ಕೆಂಪಾಯಿತು. "ಆತಪಾ, ನಿಂದ ಹಾಕು," ಎಂದು ಸ್ಪ್ಯಾನರ್ ನನ್ನ ಕೈಗಿಟ್ಟರು.

ದಾಂಡೇಲಿಯ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿದ್ದ ನಮ್ಮ ಸವಾರನಿಗೆ ಇದೊಂದೂ ಗೊತ್ತಿರಲಿಲ್ಲ. ಆತ ಮಾಲಕರ ಕೈ ನಂಬಿ ಬೈಕು ಏರುವವನು. ಆ ಬೆಳಿಗ್ಗೆ ಮಂಜು ಇನ್ನೂ ಕರಗಿರಲಿಲ್ಲ. ಅರ್ಧ ದಾರಿಯಲ್ಲಿ, ಆ ಚಿಕ್ಕ ಜೆಟ್ಟಿನ ಪೆಟ್ರೋಲ್ ಸಾಲದೆ, ಇಂಜಿನ್ ಕಾದು ಪಿಸ್ಟನ್ ಕಚ್ಚಿಕೊಂಡಿತು, ಹಿಂದಿನ ಗಾಲಿ ನಿಂತಿತು, ಆತ ದೂರ ಹಾರಿ ಬಿದ್ದ. ಭುಜದ ಎಲುಬು ಎರಡು ಕಡೆ ಮುರಿದಿತ್ತು.

ಮಾಲಕರು ಓಡಿಹೋಗಿ ಅವನ ತಲೆ ತೊಡೆಯ ಮೇಲಿಟ್ಟುಕೊಂಡರು. "ತಪ್ಪು ನಂದಪಾ. ಸೆಟ್ಟಿಂಗ್ ನಂದ."

ನಾನು ಎರಡು ಮಾರು ದೂರದಲ್ಲಿ ನಿಂತಿದ್ದೆ. ಒಂದೇ ಒಂದು ವಾಕ್ಯ ಸಾಕಿತ್ತು... ಬಾಯಿ ಬರಲಿಲ್ಲ. ಆಮೇಲೆ ಪರೀಕ್ಷೆಯ ನೆಪ ಹೇಳಿ ಶೆಡ್ಡಿಗೆ ಹೋಗುವುದನ್ನೇ ಬಿಟ್ಟೆ. ಮಾಲಕರು ಮತ್ತೆ ಯಾವ ಬೈಕನ್ನೂ ರೇಸಿಗೆ ತರಲಿಲ್ಲ ಎಂದು ಕೇಳಿದೆ. ಹೋದ ವರ್ಷ ಹೃದಯಾಘಾತದಿಂದ ತೀರಿಕೊಂಡರು ಎಂದೂ ಕೇಳಿದೆ.

ನಿನ್ನೆ ದಾಂಡೇಲಿಗೆ ಹೋಗಿ ಸವಾರನಿಗೆ ಹೇಳಿದೆ, ಅವತ್ತಿನ ಜೆಟ್ ನನ್ನದೆಂದು. ಆತ ಬೈಯಬಹುದು ಎಂದುಕೊಂಡು ಉತ್ತರವನ್ನೂ ಜೋಡಿಸಿಕೊಂಡಿದ್ದೆ. ಆತ ಬೈಯಲಿಲ್ಲ.

"ಮಾಲಕ್ರು ದವಾಖಾನಿಗೆ ದಿನಾ ಬರ್ತಿದ್ರು," ಎಂದ. "ನಾ ಮಾರಿ ಆ ಕಡೆ ಮಾಡಿ ಮಲಗತಿದ್ದೆ. ಅವರು ತೀರಿದಾಗ ಮಣ್ಣಿಗೂ ಹೋಗಲಿಲ್ಲ."

ಆಮೇಲೆ ಕೇಳಿದ: "ಎಲ್ಲಿ ಮಣ್ಣು ಮಾಡ್ಯಾರ, ಗೊತ್ತೈತೇನು?"

ಗೊತ್ತಿಲ್ಲ ಎಂದೆ. ನಾನೂ ಹೋಗಿರಲಿಲ್ಲ.