ಕಪ್ಪು ಬಟ್ಟೆಯ ತಾಯಿ

ಕುಂದಾಪುರದ ಇಗರ್ಜಿಯ, ಅಂದರೆ ಚರ್ಚಿನ, ಹತ್ತಿರ ಬಸ್ಸು ನಿಧಾನವಾದಾಗಲೆಲ್ಲ ನನಗೆ ಬಾಯಮ್ಮನ ಜಗಲಿ ನೆನಪಾಗುತ್ತದೆ. ಕ್ರೈಸ್ತರ ಮನೆಯ ಹಿರಿಯ ಹೆಂಗಸನ್ನು ನಾವು ಬಾಯಮ್ಮ ಎಂದೇ ಕರೆಯುವುದು. ಅಮ್ಮ ಉಪ್ಪುಂದದಿಂದ ಮೀನಿನ ಬುಟ್ಟಿ ತಂದು ಮೊದಲು ಇಳಿಸುತ್ತಿದ್ದುದು ಅಲ್ಲಿ. ಬಂಗುಡೆ ತಾಜಾ ಹೌದೋ ಅಲ್ಲವೋ ಎಂದು ಇಬ್ಬರೂ ಚೆನ್ನಾಗಿ ಕಚ್ಚಾಡಿ, ಆಮೇಲೆ ಒಂದೇ ಮೆಟ್ಟಿಲ ಮೇಲೆ ಕೂತು ಚಹಾ ಕುಡಿಯುತ್ತಿದ್ದರು. ಶಾಲೆಗೆ ರಜೆಯಿದ್ದರೆ ನಾನೂ ಇರುತ್ತಿದ್ದೆ. ಅಂಥ ಬೆಳಗುಗಳು ಮತ್ತೆ ಸಿಗಲಿಲ್ಲ.

ಒಂದು ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಹೊಳೆ ಕಡಲು ಸೇರುವ ಅಳಿವೆಬಾಗಿಲಲ್ಲಿ ದೋಣಿ ಮಗುಚಿ ನಮ್ಮೂರಿನ ನಾಲ್ವರು ಸತ್ತರು. ಅವರಲ್ಲಿ ನನ್ನ ಅಣ್ಣನೂ ಒಬ್ಬ. ಟೀವಿಯವರು ಬಂದರು, ದೊಡ್ಡ ಮನುಷ್ಯರು ಬಂದರು, ಹೋದರು. ಉಳಿದದ್ದು ಊರವರ ಮಾತು. ನಮ್ಮ ಜನ ಬಹಳ ಧಾರಾಳಿಗಳು, ನಾಲ್ಕು ಮನೆಗೂ ಒಂದೊಂದು ಕಾರಣ ಹುಡುಕಿ ಕೊಟ್ಟರು. ನಮ್ಮ ಪಾಲಿಗೆ ಬಂದದ್ದು ಅಮ್ಮ ತೀರಿಸದೆ ಬಿಟ್ಟಿದ್ದ ಒಂದು ಹರಕೆ. ಹಾಗೆ ಕಾರಣ ಹೇಳುವವರನ್ನು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಅಮ್ಮ ಮಾತ್ರ ಅದನ್ನು ನಂಬಿಬಿಟ್ಟಳು. ಮಗನನ್ನು ತಾನೇ ಕೊಂದೆ ಎಂದುಕೊಂಡಳು. ಅಳುವುದಕ್ಕೂ ತನಗೆ ಹಕ್ಕಿಲ್ಲ ಎಂಬಂತೆ ಇದ್ದುಬಿಟ್ಟಳು.

ತಿಂಗಳುಗಳ ಮೇಲೆ ಅವಳು ಮತ್ತೆ ಬುಟ್ಟಿ ಹೊತ್ತಾಗ ಹರಕೆಯ ಮಾತು ಆಗಲೇ ಕಿವಿಗೆ ಬಿದ್ದಿದ್ದ ಬಾಯಮ್ಮ ಬುಟ್ಟಿ ಇಳಿಸಿಕೊಂಡು ಚಹಾ ಕೊಟ್ಟರು. ಏಸು ಸತ್ತ ದಿನವಾದ ಶುಭ ಶುಕ್ರವಾರ ಮೀನು ಬೇಡ, ಸಂಜೆ ಸುಮ್ಮನೆ ಬಾ ಎಂದರು. ಅಮ್ಮ ನನ್ನನ್ನೂ ಕರೆದುಕೊಂಡು ಹೋದಳು.

ಆ ದಿನ ಇಗರ್ಜಿಯಲ್ಲಿ ಗಂಟೆ ಬಾರಿಸುವುದಿಲ್ಲವಂತೆ, ಮರದ ಹಲಗೆಯ ಟಕಟಕ ಸದ್ದಷ್ಟೆ. ಸತ್ತ ಏಸುವಿನ ಮೂರ್ತಿಯನ್ನು ಮಲಗಿಸಿ ಹೊತ್ತು ತಂದರು. ಅದರ ಹಿಂದೆಯೇ ಕಪ್ಪು ಬಟ್ಟೆ ಹೊದಿಸಿದ ಅವನ ತಾಯಿಯ ಮೂರ್ತಿ. ಅಣ್ಣನನ್ನು ಸುಡಲು ಒಯ್ದಾಗ ನಮ್ಮಲ್ಲಿ ಹೆಂಗಸರನ್ನು ಅಂಗಳ ದಾಟಲು ಬಿಟ್ಟಿರಲಿಲ್ಲ. ಅಮ್ಮ ಕಣ್ಣು ಕೀಳದೆ ಆ ತಾಯಿಯನ್ನೇ ನೋಡಿದಳು. ಆಮೇಲೆ ಮೆಲ್ಲಗೆ ಬಾಯಮ್ಮನನ್ನು ಕೇಳಿದಳು.

“ಇವ್ಳ್ ಎಂತ ತಪ್ಪ್ ಮಾಡಿದ್ಲ್?”

“ಎಂತದೂ ಮಾಡ್ಲಿಲ್ಲೆ.”

“ಮತ್ತೆ ಮಗ ಎಂತಕ್ಕೆ ಸತ್ತ?”

ಅದಕ್ಕೆ ಬಾಯಮ್ಮನ ಹತ್ತಿರ ಲೋಕದ ಪಾಪಕ್ಕಾಗಿ ಸತ್ತ ಎಂದು ಚಿಕ್ಕಂದಿನಿಂದ ಕಲಿತ ಉತ್ತರವೊಂದು ಇದ್ದೇ ಇತ್ತು. ಅವರು ಅದನ್ನು ಹೇಳಲಿಲ್ಲ. ಅಮ್ಮನ ಕೈ ಹಿಡಿದುಕೊಂಡರು.

“ನಿನ್ ಮಗ ಎಂತಕ್ಕೆ ಹೋದ ಅಂದ್ ನಂಗ್ ಗೊತ್ತಿಲ್ಲೆ ಮಾರಾಯ್ತಿ. ಹರಕೆ ತಪ್ಪಿತ್ ಅಂದ್ ದೇವ್ರ್ ಮಕ್ಳನ್ನ ಕೊಂಡೋಪುದಿಲ್ಲೆ. ದೇವ್ರೂ ಮಗನ್ನ ಕಳ್ಕಂಡವ್ರೇ.”

ಅಮ್ಮ ಅಲ್ಲೇ, ಅಷ್ಟು ಜನರ ನಡುವೆ, ಅಣ್ಣನ ಹೆಸರು ಕೂಗಿ ಅತ್ತಳು.